ಪಟ್ಟಿಯಲ್ಲಿ ಕಾಣದ ಡಿಸ್ಕು

ಹೊಸ ಕಂಪ್ಯೂಟರು ಮೈಸೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಬಂತು, ಅದೂ ಕಂಡಕ್ಟರ್ ಸೀಟಿನಲ್ಲಿ ಕೂತು. ಆ ಬಸ್ಸಿನ ಕಂಡಕ್ಟರು ಪ್ರೇಮಾಳ ಗಂಡ ರಂಗಸ್ವಾಮಿ. ಪೆಟ್ಟಿಗೆಗೆ ಸೀಟು ಬಿಟ್ಟುಕೊಟ್ಟು, ಟಿ. ನರಸೀಪುರ ದಾಟಿ ಕೊಳ್ಳೇಗಾಲ ಮುಟ್ಟುವ ತನಕ ತಾನು ನಿಂತೇ ಟಿಕೆಟು ಕೊಟ್ಟಿದ್ದ. ದೇವಾಂಗಪೇಟೆಯ ಮನೆಯಲ್ಲಿ ಅದನ್ನು ಇಳಿಸಿ, "ನಾಳೆ ಚನ್ನಬಸವ ಬಂದು ಜೋಡಿಸ್ಕೊಡ್ತಾನೆ. ಅಲ್ಲೀಗಂಟ ಯಾರೂ ಮುಟ್ಬೇಡಿ" ಎಂದ. ಹೇಳಿದ್ದು ಎಲ್ಲರಿಗೂ, ನೋಡಿದ್ದು ಮಾತ್ರ ಹೆಂಡತಿಯ ಕಡೆಗೆ.

ಪ್ರೇಮಾ ಮುಟ್ಟಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಬಂದು, ನಾಲ್ಕು ಮೂಲೆಯೂ ಜಜ್ಜಿಲ್ಲ ಎಂದು ಖಾತ್ರಿ ಮಾಡಿಕೊಂಡಳು, ಅಷ್ಟೆ.

ಅವಳಿಗೆ ಚಿಂತೆ ಮಾಡುವುದೂ ಒಂದು ಕಸುಬಿನ ಹಾಗೆ ಕೈಗೆ ಹತ್ತಿಬಿಟ್ಟಿತ್ತು. ಬಾಗಿಲು ಹಾಕಿದ ಮೇಲೆ ಇನ್ನೊಮ್ಮೆ ಎಳೆದು ನೋಡುವವಳು, ಗ್ಯಾಸಿನ ಗುಬುಟನ್ನು ಮುಟ್ಟಿ ಬಂದು ಮತ್ತೆ ಮುಟ್ಟಲು ಹೋಗುವವಳು. ಇನ್ನೊಂದು ಕಸುಬು ಸೀರೆಯ ಅಂಚು ಬರೆಯುವುದು. ಬಿ.ಎಸ್ಸಿ. ಮುಗಿಸಿ ಈ ನೇಕಾರರ ಮನೆಗೆ ಸೊಸೆಯಾಗಿ ಬಂದವಳು, ಹನ್ನೊಂದು ವರ್ಷದಿಂದ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಣ್ಣ ತುಂಬಿ ಗಿಳಿ, ಬಳ್ಳಿ, ರುದ್ರಾಕ್ಷಿ, ಗೋಪುರಗಳನ್ನು ಮೂಡಿಸುತ್ತಿದ್ದಳು. ಒಂದೊಂದು ಚೌಕವೂ ಮಗ್ಗದಲ್ಲಿ ಒಂದೊಂದು ಎಳೆ. ಬರೆದದ್ದನ್ನು ಪೆನ್‌ಡ್ರೈವಿಗೆ ಹಾಕಿ ಮಗ್ಗದ ನೆತ್ತಿಯ ಮೇಲಿರುವ ಪೆಟ್ಟಿಗೆಗೆ ಚುಚ್ಚಿದರೆ, ಅದರ ಪ್ರಕಾರ ಎಳೆಗಳು ಏಳುತ್ತವೆ, ಇಳಿಯುತ್ತವೆ. ಮನೆಯ ಎರಡು ಮಗ್ಗಕ್ಕೂ ಬೀದಿಯ ಇನ್ನೂ ಹತ್ತಾರು ಮಗ್ಗಕ್ಕೂ ಅವಳದೇ ಅಂಚು.

ಹೋದ ವಾರ ಕರೆಂಟು ಹೋಗಿ ಬಂದ ರಭಸಕ್ಕೆ ಹಳೆಯ ಕಂಪ್ಯೂಟರು ಕಣ್ಣು ಮುಚ್ಚಿತ್ತು. ಡಿಸ್ಕಿಗೆ ಏನೂ ಆಗಿಲ್ಲ, ಬೋರ್ಡು ಮಾತ್ರ ಸುಟ್ಟಿದೆ ಎಂದು ಚನ್ನಬಸವ ನೋಡಿ ಹೇಳಿದ್ದ. ಪ್ರೇಮಾಳ ಜೀವ ನಿಂತದ್ದು ಆ ಡಿಸ್ಕಿನ ಮೇಲೆ. ಎರಡು ವರ್ಷದ ಹಿಂದಿನವರೆಗಿನ ಅಂಚುಗಳಿಗೆ ಬೇರೆ ನಕಲು ಇತ್ತು. ಆಮೇಲೆ ಬರೆದ ಅರವತ್ತೊಂದಕ್ಕೆ ಇರಲಿಲ್ಲ. ನಕಲು ಇಡುವ ಡಿಸ್ಕು ತುಂಬಿಹೋಗಿತ್ತು. ಇನ್ನೊಂದು ತರಬೇಕು ಎಂದು ಅವಳು ಎಷ್ಟು ಸಲ ಹೇಳಿದ್ದಳೋ ಅಷ್ಟೂ ಸಲ ಆ ತಿಂಗಳ ರೇಷ್ಮೆ ದರ ಏರಿತ್ತು.

ಆ ಅರವತ್ತೊಂದರಲ್ಲಿ ಯಳಂದೂರಿನ ರತ್ನ ಟೀಚರ ಗಿಳಿ ಅಂಚೂ ಒಂದು. ಅವರ ತಾಯಿಯ ಧಾರೆ ಸೀರೆಯದು. ಮುಟ್ಟಿದರೆ ಪುಡಿಯಾಗುತ್ತಿದ್ದ ಆ ಸೀರೆಯನ್ನು ಭೂತಗನ್ನಡಿ ಹಿಡಿದು, ಎಳೆ ಎಣಿಸಿ, ನಲವತ್ತು ದಿನ ಕೂತು ಬರೆದಿದ್ದಳು. ಬರೆದು ಕೊಟ್ಟ ಮೇಲೆ ಟೀಚರ ಮನೆಯವರು ಹಳೆಯ ಸೀರೆಯನ್ನು ಜರಿ ಕರಗಿಸುವವರಿಗೆ ಹಾಕಿಬಿಟ್ಟರು. ಈಗ ಆ ಗಿಳಿಗಳು ಇರುವುದು ಡಿಸ್ಕಿನೊಳಗೆ ಮಾತ್ರ. ಟೀಚರ ಮಗಳ ಮದುವೆ ಮುಂದಿನ ತಿಂಗಳು. ಮಾವನ ಮಗ್ಗ ಒಂಬತ್ತು ದಿನದಿಂದ ಗಿಳಿಗಳಿಗಾಗಿ ಕಾಯುತ್ತಿತ್ತು.

ಚನ್ನಬಸವ ಬೆಳಿಗ್ಗೆ ಹತ್ತಕ್ಕೆ ಹನೂರಿನಿಂದ ಬೈಕಿನಲ್ಲಿ ಬಂದ. ಡಿಶ್ಶು, ಯುಪಿಎಸ್ಸು, ಸಿಸಿ ಕ್ಯಾಮೆರಾ, ಕಂಪ್ಯೂಟರು ಎಲ್ಲ ರಿಪೇರಿ ಮಾಡುವ ನಲವತ್ತರ ಆಸಾಮಿ. ರಾಮಾಪುರದಿಂದ ಯಳಂದೂರಿನವರೆಗೆ ಅವನ ಬೈಕು ತುಳಿಯದ ಬೀದಿಯಿಲ್ಲ. ಕೆಲಸ ಬರುತ್ತಿತ್ತು. ತಾಳ್ಮೆ ಅಷ್ಟಕ್ಕಷ್ಟೆ. ಹಳೆಯ ಕ್ಯಾಬಿನೆಟ್ಟಿನಿಂದ ಡಿಸ್ಕನ್ನು ಬಿಚ್ಚಿ, ಪೇಪರಿನಲ್ಲಿ ಸುತ್ತಿ ಕಿಟಕಿಯ ಮೇಲೆ ಇಡಲು ಹೋದ.

ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಸುಮ್ಮನೆ ಕೂತಿದ್ದ ಮಾವ ದೊಡ್ಡಮಾದಪ್ಪ ಕುತ್ತಿಗೆ ಚಾಚಿದರು. "ಅದ್ಯಾಕ್ಲಾ ತಗುದು ಅತ್ಲಾಗ್ ಇಡ್ತೀಯೆ?"

"ಇದು ಹಳೇದು ಯಜಮಾನ್ರೆ. ಮೊದ್ಲು ಹೊಸ ಡಿಸ್ಕಿಗೆ ವಿಂಡೋಸ್ ಹಾಕಿ, ಆಮ್ಯಾಕೆ ಇದ್ನ ಸೇರುಸ್ತೀನಿ."

"ಅಳೇದ್ನ ಕಿತ್ತಾಕ್ಬುಟ್ಟು ಒಸದ್ನ ಎಲ್ಲಿಗ್ಲಾ ಕೆಚ್ಚೀಯೆ? ನಿಮ್ಮಪ್ಪ ನಮ್ಮಟ್ಟೀಲೇ ಮಗ್ಗ ಕಲ್ತವ್ನು. ಅಷ್ಟೂ ಏಳ್ಕೊಡ್ನಿಲ್ವಾ?"

ಆ ಬೀದಿಯಲ್ಲಿ ಇದು ತಲೆತಲಾಂತರದ ಕ್ರಮ. ಮಗ್ಗದ ಮೇಲಿನ ಹಾಸು, ಎಂದರೆ ಉದ್ದ ಎಳೆಗಳ ಕಟ್ಟು, ಮುಗಿದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಮೊಳದುದ್ದ ತುದಿ ಬಿಟ್ಟು, ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಎಳೆ ಒಂದೊಂದಕ್ಕೂ ಹೊಸ ಎಳೆ ಒಂದೊಂದನ್ನು ತಿರುಚಿ ಸೇರಿಸುತ್ತಾರೆ. ಅದೇ ಕೆಚ್ಚುವುದು. ನಾಲ್ಕೈದು ಸಾವಿರ ಎಳೆ. ಹಳೆಯದನ್ನು ಮೊದಲೇ ಕಿತ್ತವನನ್ನು ನೇಕಾರ ಎನ್ನುವುದಿಲ್ಲ.

ಚನ್ನಬಸವನಿಗೆ ಮಾತು ನ್ಯಾಯವಾಗಿಯೇ ಕಂಡಿತು. ಆಮೇಲೆ ಮತ್ತೆ ಕ್ಯಾಬಿನೆಟ್ಟು ಬಿಚ್ಚುವ ಕೆಲಸವೂ ತಪ್ಪಿತು. "ಆಯ್ತು ಬುಡಿ, ಎರಡೂ ಒಟ್ಗೇ ಇರ್ಲಿ" ಎಂದು ಹಳೆಯ ಡಿಸ್ಕನ್ನು ಹೊಸ ಕ್ಯಾಬಿನೆಟ್ಟಿಗೇ ಕೂರಿಸಿ ವೈರು ಚುಚ್ಚಿದ. ಬೇಡ ಎನ್ನಬೇಕೆಂದು ಪ್ರೇಮಾಳಿಗೆ ಅನ್ನಿಸಿತು. ಆದರೆ ದಿನಕ್ಕೆ ಹತ್ತು ಸಲ ಹಾಗೆ ಅನ್ನಿಸುವವಳು ಅದನ್ನು ಎಲ್ಲರ ಮುಂದೆ ಆಡುವುದು ಹೇಗೆ? ವೈರು ಸರಿಯಾಗಿ ಕೂತಿದೆಯೇ ಎಂದು ಮಾತ್ರ ಬಗ್ಗಿ ನೋಡಿದಳು.

ಅತ್ತೆ ಪುಟ್ಟಮಲ್ಲಮ್ಮ ಕ್ಯಾಬಿನೆಟ್ಟಿಗೆ ಕುಂಕುಮವಿಟ್ಟು, ಊದುಬತ್ತಿ ಬೆಳಗಿ, ತಮ್ಮ ರಾಟೆಯ ಮುಂದೆ ಹೋಗಿ ಕೂತರು. ಚನ್ನಬಸವ ವಿಂಡೋಸ್ ಇದ್ದ ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದ. ಒಂದೆರಡು ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ, ಯಾವ ಡಿಸ್ಕಿಗೆ ಹಾಕಲಿ ಎಂದು ಕೇಳುವ ಪಟ್ಟಿ ಪರದೆಯ ಮೇಲೆ ಬಂತು. ಒಂದೇ ಡಿಸ್ಕು, ಅದರಲ್ಲಿ ಮೂರು ಭಾಗ.

"ಬಂತು ನೋಡಿ ಅಕ್ಕ, ಹೊಸ ಡಿಸ್ಕು. ಇವೆಲ್ಲಾನೂ ಡಿಲೀಟ್ ಹೊಡ್ದು ಒಂದು ಮಾಡ್ಬುಡವ" ಎಂದು ಚನ್ನಬಸವ ಮೌಸು ಹಿಡಿದ.

"ಸ್ವಲ್ಪ ಇರಿ ಚನ್ನಬಸವಣ್ಣ. ನಾವು ತಂದದ್ದು ಐನೂರ ಹನ್ನೆರಡು ಜೀಬಿಯದು. ಇಲ್ಲಿ ಕೂಡಿದರೆ ನಾನೂರ ಅರವತ್ತೈದು ಬರುತ್ತೆ."

"ಡಬ್ಬದ್ ಮ್ಯಾಲೆ ಬರ್ದಷ್ಟು ಯಾವತ್ತೂ ತೋರ್ಸಲ್ಲ ಅಕ್ಕ. ಒಂದಷ್ಟು ಕಮ್ಮೀನೆ."

ಅದು ನಿಜ ಎಂದು ಅವಳಿಗೂ ಗೊತ್ತಿತ್ತು. ಆದರೂ ಕಣ್ಣು ಪಟ್ಟಿಯ ಬಲತುದಿಗೆ ಜಾರಿತು. ಮೂರನೆಯ ಭಾಗದ ಎದುರು, ಖಾಲಿ ಇರುವ ಜಾಗ ಮೂವತ್ತೆಂಟು ಪಾಯಿಂಟ್ ಎರಡು ಎಂದಿತ್ತು. ಆ ಅಂಕಿ ಅವಳಿಗೆ ಮನೆಯ ನೆಂಟನಂತೆ ಪರಿಚಿತ. ಡಿಸ್ಕು ತುಂಬಿಹೋದರೇನು ಗತಿ ಎಂದು ಪ್ರತಿ ಸೋಮವಾರ ನೋಡುತ್ತಿದ್ದವಳು ಅವಳೇ. ನಲವತ್ತೊಂದು ಇತ್ತು, ನಲವತ್ತಾಯಿತು, ಕಂಪ್ಯೂಟರು ಕೆಡುವ ಮುಂಚಿನ ಸೋಮವಾರ ಮೂವತ್ತೆಂಟು ಪಾಯಿಂಟ್ ಎರಡು.

"ಮೌಸಿನಿಂದ ಕೈ ತೆಗೀರಿ" ಎಂದಳು. ದನಿ ಎಷ್ಟು ಮೆತ್ತಗಿತ್ತೆಂದರೆ ಚನ್ನಬಸವ ಕಾಯಿಸಿದ ಹಂಚು ಮುಟ್ಟಿದವನಂತೆ ಕೈ ತೆಗೆದ. "ಹೊಸ ಡಿಸ್ಕು ಖಾಲಿ ಇರಬೇಕಲ್ಲ? ಇದು ತುಂಬಿದೆ. ಇದು ನಮ್ಮ ಹಳೇದು."

ಚನ್ನಬಸವ ಪರದೆಯ ಹತ್ತಿರಕ್ಕೆ ಬಗ್ಗಿದ. ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಹೆಗಲ ಮೇಲಿನ ಟವೆಲಿನಲ್ಲಿ ಹಣೆ ಒರೆಸಿಕೊಂಡು ನೆಲದ ಮೇಲೆ ಕೂತ. "ಅಯ್ಯೋ ಬೆಟ್ಟದ್ ಮಾದಪ್ಪ. ಒಂದು ಒತ್ತು ಒತ್ತಿದ್ರೆ ಅರವತ್ತೊಂದು ಅಂಚೂ ಕಾವೇರಿ ಪಾಲಾಯ್ತಿತ್ತಲ್ಲ ಅಕ್ಕ."

"ಆಗಲಿಲ್ವಲ್ಲ. ಆಫ್ ಮಾಡಿ, ಮೊದಲು ಅದನ್ನ ಕಳಚಿ."

"ಕಳಚೋದಾ?" ದೊಡ್ಡಮಾದಪ್ಪ ಗುಂಡಿಯಿಂದ ಎದ್ದೇಬಿಟ್ಟರು. "ಆಗ್ಲೇ ಏಳ್ನಿಲ್ವಾ? ಅಳೇದು ಇರ್ಬೇಕು ಕಣಮ್ಮಿ."

ಆ ಮನೆಯಲ್ಲಿ ಮಾವನ ಮಾತಿಗೆ ಎದುರಾಡುವ ರೂಢಿ ಇರಲಿಲ್ಲ. ಪ್ರೇಮಾ ಇನ್ನೂ ರೂಢಿ ಮಾಡಿಕೊಂಡಿರಲಿಲ್ಲ ಎಂದರೆ ಸರಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಮಾತನ್ನು ಎರಡು ಸಲ ಮನಸ್ಸಿನಲ್ಲಿ ಆಡಿ ನೋಡಿ, ಆಮೇಲೆ ಕೇಳಿದಳು. "ಮಾವ, ಹಳೇ ಹಾಸಿನ ತುದಿ ಬಿಡೋದು ಯಾಕೆ?"

"ಯಾಕೆ ಅಂದ್ರೆ? ಅಳೇ ಎಳೆ ಬಾಚಣಿಗೆ ಅಂಗಿರೋ ಅಚ್ಚಿನ್ ಸಂದ್ ಸಂದೀಲಿ ಕುಂತಿರ್ತದೆ. ಅದ್ಕೆ ದಾರಿ ಗೊತ್ತು. ಒಸ ಎಳೇನ ಕೈ ಇಡ್ದು ಎಳ್ಕೊಂಡು ಓಯ್ತದೆ."

"ಸರಿ. ಆದರೆ ಈ ಡಿಸ್ಕು ಮುಗಿದ ಹಾಸಿನ ತುದಿಯಲ್ಲ ಮಾವ. ನೇಯ್ದು ಮಡಿಸಿಟ್ಟ ಸೀರೆಗಳು. ಅರವತ್ತೊಂದು ಸೀರೆ. ನೇಯ್ದ ಸೀರೇನ ಮಗ್ಗದ ಮೇಲೇ ಬಿಟ್ಟು ನೀವು ಕತ್ತರಿ ಆಡಿಸ್ತೀರಾ?"

ರಾಟೆಯ ಸದ್ದು ನಿಂತಿತ್ತು; ಪುಟ್ಟಮಲ್ಲಮ್ಮ ನೂಲು ಹಿಡಿದ ಕೈಯನ್ನು ಹಾಗೇ ಎತ್ತಿ ಹಿಡಿದು ಗಂಡನ ಮುಖ ನೋಡುತ್ತಿದ್ದರು.

"ಯಾರಾರ ಆಡುಸ್ತಾರಾ" ಎಂದರು ದೊಡ್ಡಮಾದಪ್ಪ. "ಸೀರೆ ಅಂತ ಮೊದ್ಲೇ ಏಳ್ಬಾರ್ದಾ? ಏಯ್ ಚನ್ನಬಸವ, ಏನ್ ನೋಡ್ತಾ ಕುಂತಿದ್ದೀಯೆ, ಕಳಚ್ಲಾ ಅದ್ನ."

"ಐವತ್ತೊರ್ಸದಿಂದ ನಾ ಏಳಿದ್ದು ಒಂದಾರ ಕೇಳೀರಾ?" ಎಂದರು ಪುಟ್ಟಮಲ್ಲಮ್ಮ. "ಸೊಸೆ ಏಳಿದ್ರೆ ಒಂದೇ ಏಟ್ಗೆ."

"ನೀನೂ ಇಂಗ್ ಲೆಕ್ಕವಾಗಿ ಏಳಿದ್ರೆ ಕೇಳ್ತಿದ್ದೆ."

ಪ್ರೇಮಾ ಹಳೆಯ ಡಿಸ್ಕನ್ನು ತಾನೇ ಇಸಿದುಕೊಂಡು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟು ಬೀಗ ಹಾಕಿದಳು. ಬೀಗವನ್ನು ಎಳೆದು ನೋಡಿದಳು. ಚನ್ನಬಸವ ಮತ್ತೆ ಗುಂಡಿ ಒತ್ತಿದ. ಮತ್ತೆ ಆ ಪಟ್ಟಿ ಬಂತು.

ಪಟ್ಟಿ ಖಾಲಿ ಇತ್ತು. ಯಾವ ಡಿಸ್ಕೂ ಸಿಗುತ್ತಿಲ್ಲ, ಡ್ರೈವರ್ ಇದ್ದರೆ ಕೊಡಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು, ಅಷ್ಟೆ.

ಚನ್ನಬಸವ ಕ್ಯಾಬಿನೆಟ್ಟು ಬಿಚ್ಚಿದ. ಹೊಸ ಡಿಸ್ಕು ಬೋರ್ಡಿನ ಮೇಲೇ ಮಲಗಿತ್ತು; ಡಿಸ್ಕು ಎಂದು ಹೆಸರು, ನೋಡಿದರೆ ಎರಡು ಬೆರಳಗಲದ ತೆಳ್ಳನೆಯ ಬಿಲ್ಲೆ. ತೆಗೆದು, ಊದಿ, ಮತ್ತೆ ಕೂರಿಸಿದ. ಪಟ್ಟಿ ಖಾಲಿ. "ಸತ್ತೋಗಿರೋದೇ ಬಂದದಾ ಏನ್ ಕತೆ" ಎಂದು ಗೊಣಗಿದ. ಅಷ್ಟರಲ್ಲಿ ಪ್ರೇಮಾಳ ಫೋನು ಬಡಿದುಕೊಂಡಿತು. ಯಳಂದೂರಿನ ರತ್ನ ಟೀಚರು.

"ಪ್ರೇಮಾ, ಮಗ್ಗ ಶುರುವಾಯ್ತಾ? ನಮ್ಮ ಗಿಳಿಗಳು ಎಲ್ಲಿವೆ?"

ಪ್ರೇಮಾ ಬೀರುವಿನ ಕಡೆ ನೋಡಿದಳು. ಸುಳ್ಳು ಹೇಳಿದರೆ ನಾಲಗೆ ತೊದಲುತ್ತದೆ, ನಿಜ ಹೇಳಿದರೆ ಟೀಚರು ಮುಂದಿನ ಬಸ್ಸಿಗೇ ಬಂದಿಳಿಯುತ್ತಾರೆ. "ಮನೇಲೇ ಇವೆ ಮೇಡಂ. ರೇಷ್ಮೆ ಸೀರೆಗಳ ಮಧ್ಯೆ ಭದ್ರವಾಗಿವೆ" ಎಂದಳು. ಒಂದಕ್ಷರವೂ ಸುಳ್ಳಿರಲಿಲ್ಲ. "ಸಂಜೆ ನಾನೇ ಫೋನ್ ಮಾಡ್ತೀನಿ."

ಚನ್ನಬಸವ ಕಂಪ್ಯೂಟರು ಕೊಟ್ಟ ಮೈಸೂರಿನ ಅಂಗಡಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಆ ಕಡೆಯವನಿಗೆ ಇದು ದಿನದ ಪಾಠ. "ಡಿಸ್ಕ್ ಚೆನ್ನಾಗೇ ಇದೆ ಅಣ್ಣ. ಈ ಬೋರ್ಡಲ್ಲಿ ಡಿಸ್ಕಿಗೂ ಬೋರ್ಡಿಗೂ ಮಧ್ಯೆ ಒಂದು ಕಂಟ್ರೋಲರ್ ಕೂತಿರುತ್ತೆ. ಅದರ ಪರಿಚಯ ವಿಂಡೋಸ್ ಸೆಟಪ್‌ಗೆ ಇಲ್ಲ. ಆ ಪರಿಚಯ ಮಾಡಿಕೊಡೋದೇ ಡ್ರೈವರು. ಹಳೇ ಥರದ ಡಿಸ್ಕಿಗೆ ಅದು ಬೇಕಾಗಲ್ಲ, ತಾನೇ ಕಾಣುತ್ತೆ. ಲಿಂಕ್ ಕಳಿಸ್ತೀನಿ, ಪೆನ್‌ಡ್ರೈವಿಗೆ ಹಾಕಿ, ಪಟ್ಟಿ ಕೆಳಗೆ 'ಲೋಡ್ ಡ್ರೈವರ್' ಅಂತಿದೆಯಲ್ಲ, ಅದನ್ನ ಒತ್ತಿ."

"ಅಂದ್ರೆ ಅದು ಒಳಗೇ ಕುಂತದೆ, ಇದ್ಕೆ ಗುರ್ತು ಅತ್ನಿಲ್ಲ" ಎಂದರು ದೊಡ್ಡಮಾದಪ್ಪ. ತಮ್ಮ ಮಾತು ಬಿದ್ದುಹೋದ ಮೇಲೆ ಅವರಿಗೆ ಈ ಕೆಲಸದಲ್ಲಿ ಆಸಕ್ತಿ ಇನ್ನೂ ಹೆಚ್ಚಾಗಿತ್ತು.

ಚನ್ನಬಸವ ಫೋನಿನಲ್ಲೇ ಫೈಲನ್ನು ಇಳಿಸಿಕೊಂಡು, ಫೋನಿಗೆ ಪೆನ್‌ಡ್ರೈವ್ ಸಿಕ್ಕಿಸುವ ಪುಟ್ಟ ವೈರನ್ನು ಚೀಲದಿಂದ ತೆಗೆದು, ಬಂದ ಫೈಲು ಬಂದ ಹಾಗೇ ಪೆನ್‌ಡ್ರೈವಿಗೆ ತಳ್ಳಿದ. ಕಂಪ್ಯೂಟರಿಗೆ ಚುಚ್ಚಿ ಲೋಡ್ ಡ್ರೈವರ್ ಒತ್ತಿದ. ಅದು ಹುಡುಕಿದಂತೆ ಮಾಡಿ, ಯಾವ ಡ್ರೈವರೂ ಸಿಗಲಿಲ್ಲ ಎಂದು ಹೇಳಿತು. ಪೆನ್‌ಡ್ರೈವನ್ನು ಇನ್ನೊಂದು ಕಿಂಡಿಗೆ ಹಾಕಿದ. ಸಿಗಲಿಲ್ಲ. ಹಿಂದಿನ ಕಿಂಡಿಗೆ ಹಾಕಿದ. ಸಿಗಲಿಲ್ಲ.

"ಕುಂಕುಮ ಒಳೀಕ್ ಓಯ್ತಾ ನೋಡು" ಎಂದರು ದೊಡ್ಡಮಾದಪ್ಪ.

"ಎಲ್ಲಾಕೂ ನನ್ ಕುಂಕುಮನೇ ಸಿಕ್ತದೆ ನಿಮ್ಗೆ" ಎಂದು ಪುಟ್ಟಮಲ್ಲಮ್ಮ ರಾಟೆಯನ್ನು ಜೋರಾಗಿ ತಿರುಗಿಸಿದರು.

ಪ್ರೇಮಾ ಅಂಗಡಿಯವನು ಕಳಿಸಿದ ಸಂದೇಶವನ್ನು ತನ್ನ ಫೋನಿಗೆ ಹಾಕಿಸಿಕೊಂಡು ಮೊದಲಿನಿಂದ ಓದತೊಡಗಿದಳು. ಚನ್ನಬಸವ ಲಿಂಕು ಕಂಡ ಕೂಡಲೇ ಒತ್ತಿದ್ದ. ಅದರ ಕೆಳಗೆ ಇನ್ನೂ ನಾಲ್ಕು ಸಾಲಿತ್ತು. ಇದು ಜಿಪ್ ಫೈಲು, ಬಿಚ್ಚಿ ಫೋಲ್ಡರ್ ಮಾಡಿ ಹಾಕಬೇಕು, ಹಾಗೇ ಹಾಕಿದರೆ ಸೆಟಪ್‌ಗೆ ಒಳಗಿನದು ಕಾಣದು ಎಂದು ಮೂರನೆಯ ಸಾಲಿನಲ್ಲಿತ್ತು.

"ಇದು ಕಟ್ಟಿದ ಗಂಟು ಚನ್ನಬಸವಣ್ಣ. ಬಿಚ್ಚದೆ ಹಾಕಿದ್ದೀವಿ" ಎಂದಳು. ಹಾಕಿದವನು ಅವನೊಬ್ಬನೇ ಆಗಿದ್ದರೂ 'ಹಾಕಿದ್ದೀವಿ' ಎಂದೇ ಅಂದಳು.

ಪುಟ್ಟಮಲ್ಲಮ್ಮನಿಗೆ ಇದು ಥಟ್ಟನೆ ಅರ್ಥವಾಯಿತು. ಅವರ ಎದುರಿಗೇ ರೇಷ್ಮೆಯ ಲಡಿ, ಎಂದರೆ ನೂಲಿನ ಕಟ್ಟು, ತೂಗುತ್ತಿತ್ತು. ಅದನ್ನು ಬಿಡಿಸಿ, ಕಂಡಿಕೆಯೆಂಬ ಪುಟ್ಟ ಕೊಳವೆಗೆ ಸುತ್ತಿ, ಆ ಕಂಡಿಕೆಯನ್ನು ಮಗ್ಗದ ಲಾಳಿಯೊಳಗೆ ಕೂರಿಸಿದರೆ ತಾನೆ ಲಾಳಿ ಓಡುವುದು? "ಲಡೀನೇ ಇಡೀಗೆ ಲಾಳಿಗೆ ತುರುಕ್ಬುಟ್ಟು, ಓಡ್ನಿಲ್ಲ ಓಡ್ನಿಲ್ಲ ಅಂತಾವ್ನೆ" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕರು. "ನಮ್ಮ ಬೀದೀಲಿ ಐದೊರ್ಸದ ಐಕ್ಳೂ ಅಂಗ್ ಮಾಡಲ್ಲ ಕಣ್ಲಾ ಚನ್ನಬಸವ."

"ನಗಿ ಅವ್ವಾ, ನಗಿ. ಇವತ್ತು ನನ್ ಗಾಚಾರ ಸರಿಯಿಲ್ಲ" ಎಂದು ಅವನೂ ನಕ್ಕ.

ಈ ಸಲ ಪೆನ್‌ಡ್ರೈವ್ ಪ್ರೇಮಾಳ ಕೈಯಲ್ಲಿತ್ತು. ಫೋನಿನಲ್ಲಿ ಜಿಪ್ಪನ್ನು ಬಿಚ್ಚಿ, ಬಂದ ಫೋಲ್ಡರನ್ನು ತೆರೆದು ಒಳಗಿನ ಫೈಲುಗಳ ಹೆಸರನ್ನು ಸಂದೇಶದಲ್ಲಿದ್ದುದಕ್ಕೆ ತಾಳೆ ನೋಡಿ, ಪೆನ್‌ಡ್ರೈವಿಗೆ ಹಾಕಿದಳು. ಹಾಕಿದ್ದು ನಿಜವಾಗಿಯೂ ಹೋಗಿದೆಯೇ ಎಂದು ತೆರೆದು ನೋಡಿದಳು. ಬೇರೆ ದಿನವಾಗಿದ್ದರೆ ಚನ್ನಬಸವ ಗಡಿಯಾರ ನೋಡುತ್ತಿದ್ದ. ಇವತ್ತು ಕೈಕಟ್ಟಿ ಕಾದ.

ಲೋಡ್ ಡ್ರೈವರ್. ಎಲ್ಲಿದೆ ಎಂದು ಕೇಳಿತು, ಫೋಲ್ಡರ್ ತೋರಿಸಿದಳು. ಉದ್ದುದ್ದ ಹೆಸರಿನ ಎರಡು ಸಾಲು ಬಂದವು. ಮೊದಲನೆಯದನ್ನು ಆರಿಸಿ ಮುಂದೆ ಎಂದಳು. ಪರದೆ ಒಂದು ಕ್ಷಣ ಬೆಳ್ಳಗೆ ನಿಂತಿತು. ದೊಡ್ಡಮಾದಪ್ಪ ಅವಳ ಬೆನ್ನ ಹಿಂದೆ ನಿಂತು ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನು ಮರೆತಿದ್ದರು.

ಪಟ್ಟಿ ತಿರುಗಿ ಬಂತು. ಒಂದೇ ಸಾಲು. ನಾನೂರ ಎಪ್ಪತ್ತಾರು ಪಾಯಿಂಟ್ ಒಂಬತ್ತು ಜೀಬಿ, ಯಾವ ಭಾಗವೂ ಮಾಡದ, ಏನೂ ಬರೆಯದ ಜಾಗ.

"ಇದು ಹೊಸದು" ಎಂದಳು ಪ್ರೇಮಾ. "ಖಾಲಿ ಇದೆ."

"ಈಗ ಒತ್ಲಾ?" ಎಂದು ಕೇಳಿದ ಚನ್ನಬಸವ. ಹದಿನೈದು ವರ್ಷದ ಕಸುಬಿನಲ್ಲಿ ಅವನು ಯಾರನ್ನಾದರೂ ಹಾಗೆ ಕೇಳಿದ್ದು ಅದೇ ಮೊದಲಿರಬೇಕು.

"ಒತ್ತಿ."

ಮುಂದಿನ ಕೆಲಸ ನೀರು ಹರಿದಂತೆ ಆಯಿತು. ಅನ್ನ ಸಾರು ಊಟ ಮಾಡಿ ಏಳುವಷ್ಟರಲ್ಲಿ ವಿಂಡೋಸ್ ಕೂತಿತ್ತು. ಅಂಚು ಬರೆಯುವ ಪ್ರೋಗ್ರಾಮನ್ನೂ ಚನ್ನಬಸವ ಹಾಕಿಕೊಟ್ಟ. ಮೂರು ಗಂಟೆಗೆ ಪ್ರೇಮಾ ಬೀರುವಿನ ಬೀಗ ತೆಗೆದಳು. ಹಳೆಯ ಡಿಸ್ಕಿಗೆ ವೈರು ಚುಚ್ಚಿ, ಚುಚ್ಚಿದ್ದನ್ನು ಇನ್ನೊಮ್ಮೆ ಒತ್ತಿ ನೋಡಿದಳು. ಇಷ್ಟೆಲ್ಲ ಎತ್ತಿ ಇಳಿಸಿದ್ದರಲ್ಲಿ ಅದಕ್ಕೇನಾದರೂ ಆಗಿದ್ದರೆ?

ಏನೂ ಆಗಿರಲಿಲ್ಲ. ಫೋಲ್ಡರ್ ತೆರೆಯಿತು. ಅರವತ್ತೊಂದು. ಯಳಂದೂರಿನದನ್ನು ಒತ್ತಿದಳು. ಹೊಸ ಪರದೆ ಹಳೆಯದಕ್ಕಿಂತ ಒಂದೂವರೆ ಪಟ್ಟು ಅಗಲ. ಗಿಳಿಗಳು ಸಾಲಾಗಿ, ಕೊರಳು ತಿರುಗಿಸಿಕೊಂಡು, ಬಳ್ಳಿಯ ಮೇಲೆ ಕೂತಿದ್ದವು. ಪುಟ್ಟಮಲ್ಲಮ್ಮ ಹತ್ತಿರ ಬಂದು ಪರದೆಗೆ ದೃಷ್ಟಿ ತೆಗೆದು ನೆಟಿಗೆ ಮುರಿದರು.

ದೊಡ್ಡಮಾದಪ್ಪ ಕನ್ನಡಕ ಏರಿಸಿಕೊಂಡು ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿದರು. ಎಡದಿಂದ ಬಲಕ್ಕೆ ಬೆರಳಾಡಿಸಿ ಎಣಿಸಿದರು. ಮತ್ತೆ ಎಣಿಸಿದರು.

"ಈ ಮೂರ್ನೇ ಗಿಳಿ ಮೂಗು ಒಂದೆಳೆ ಉದ್ದ ಆಗದಲ್ಲ ಕಣಮ್ಮಿ."

ಬೇರೆ ದಿನ ಆ ಮಾತಿಗೆ ಪ್ರೇಮಾಳಿಗೆ ಒಂದು ಹೊತ್ತಿನ ಊಟ ಸೇರುತ್ತಿರಲಿಲ್ಲ. ಇವತ್ತು ನಗು ಬಂತು. "ಉದ್ದ ಆಗಿದೆ ಮಾವ, ಆಗಲಿ. ತಿದ್ದೋಣ. ತಿದ್ದೋದಕ್ಕೆ ಇದೆಯಲ್ಲ."

ಒಂದು ಚೌಕ ಅಳಿಸಿದಳು. ಗಿಳಿಯ ಮೂಗು ಸರಿಹೋಯಿತು. ಫೈಲನ್ನು ಮಗ್ಗದ ಪೆನ್‌ಡ್ರೈವಿಗೆ ಹಾಕಿ ಮಾವನ ಕೈಗೆ ಕೊಟ್ಟು, ರತ್ನ ಟೀಚರಿಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಬಂದರೆ ಮೊದಲ ಗಿಳಿಯ ತಲೆ ಕಾಣಬಹುದು ಎಂದು ಹೇಳಿದಳು. ಆಮೇಲೆ ಅರವತ್ತೊಂದನ್ನೂ ಹೊಸ ಡಿಸ್ಕಿಗೆ ನಕಲು ಮಾಡಲು ಹಚ್ಚಿ, ಪರದೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಅದು ತಂತಾನೇ ಆಯ್ತದೆ ಅಕ್ಕ, ನೀವ್ ಕುಂತ್ರೆ ಬೇಗ ಆಗಲ್ಲ" ಎಂದ ಚನ್ನಬಸವ ಚೀಲ ಕಟ್ಟುತ್ತ.

"ಆಗಲಿ. ನೀವು ಕಾಫಿ ಕುಡಿದು ಹೊರಡಿ."

ಅವನು ಕಾಫಿ ಕುಡಿದು ಹೊರಟ. ಮಾವನ ಮಗ್ಗ ಒಂಬತ್ತು ದಿನದ ಮೇಲೆ ಬಾಯಿಬಿಟ್ಟಿತು. ಅತ್ತೆ ಒಂದು ತಟ್ಟೆಯಲ್ಲಿ ಮಂಡಕ್ಕಿ ತಂದು ಅವಳ ತೊಡೆಯ ಪಕ್ಕ ಇಟ್ಟರು. ಹಸಿರು ಗೆರೆ ಮೆಲ್ಲಗೆ ಬಲಕ್ಕೆ ತೆವಳಿತು; ನಲವತ್ತು, ಐವತ್ತು, ಅರವತ್ತು. ಅರವತ್ತೊಂದನೆಯದು ಮುಗಿದಾಗ ಅವಳು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ತೆರೆದು ಎಣಿಸಿ ನೋಡಿದಳು. ಸರಿಯಿತ್ತು. ಕಾಲು ಕೊಡವಿ ಎದ್ದು, ಇನ್ನೊಂದು ನಕಲಿಗೆ ಜಾಗವಿರುವ ಪೆನ್‌ಡ್ರೈವ್ ಮನೆಯಲ್ಲಿ ಎಲ್ಲಿದೆ ಎಂದು ಹುಡುಕಲು ಹೊರಟಳು.